ನೆಟ್ಟಗೆ ಹೋಗುವ ಸೈಕಲ್

ಅಜ್ಜಿಯ ಮಗ್ಗ ಲಟಪಟ ಅನ್ನುತ್ತಿರುವವರೆಗೆ ಮಾತಾಡಬಹುದು. ಅದು ನಿಂತರೆ ಯಮನವ್ವಜ್ಜಿ ಕಿವಿಗೊಟ್ಟಿದ್ದಾಳೆ ಎಂದೇ ಅರ್ಥ. ಇಳಕಲ್ಲಿನ ಆ ಮನೆಯಲ್ಲೇ ಬೆಳೆದ ಭುವನೇಶ್ವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಗಳದಲ್ಲಿ ಅವಳ ಸೈಕಲ್ ಮುಂದಿನ ಗಾಲಿ, ಹ್ಯಾಂಡಲ್ ಎರಡನ್ನೂ ಕಳಚಿಕೊಂಡು ಬಿದ್ದಿತ್ತು. ಪಕ್ಕದ ಓಣಿಯ ಪವರ್‌ಲೂಮ್ ಫಿಟ್ಟರ್ ಅಮರೇಶ, ಹ್ಯಾಂಡಲ್ ಕೂರುವ ಕೊಳವೆಯ ಬಾಯಲ್ಲಿದ್ದ ಉಕ್ಕಿನ ಕಪ್‌ನೊಳಗೆ ಬೆರಳಾಡಿಸಿದ.

"ನೋಡ್ರಿ ಟೀಚರ್, ಬೇರಿಂಗ್ ಬಾಲ್ಸ್ ಒಂದ ಜಾಗಾದಾಗ ಕುಂತು ಕುಂತು ಕುಣಿ ಬಿದ್ದಾವ. ಅದಕ್ಕ ಹ್ಯಾಂಡಲ್ ನೆಟ್ಟಗ ಬಂದು ಸಿಕ್ಕೋತೈತಿ."

"ಮನಿ ಬಿಟ್ರ ಸಾಲಿ, ಸಾಲಿ ಬಿಟ್ರ ಮನಿ. ಅದಾದ್ರೂ ಏನ್ ಮಾಡೀತ್ರಿ?"

"ಟೀಚರ್ ಕಲಿಸಿದ್ದನ್ನ ಕಲ್ತೈತಿ ಬಿಡ್ರಿ."

ಅವನ ಕಣ್ಣಂಚು ನಕ್ಕಿತು. ಅವಳು ನಗು ನುಂಗಿ ಬಾಗಿಲ ಕಡೆ ನೋಡಿದಳು. ಲಟಪಟ, ಲಟಪಟ. ಸದ್ಯ!

ನಾಳೆ ಬಾಗಲಕೋಟೆಯವರು ಅವಳನ್ನು ನೋಡಲು ಬರುವವರಿದ್ದರು. ಹುಡುಗಿ ಸಾಲಿ ನೌಕರಿ ಬಿಡಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ಅವಳ ಸೈಕಲ್ಲು ಇನ್ನು ಹುನಗುಂದದ ಅತ್ತೆಯ ಮಗಳಿಗೆ. ಅಪ್ಪ ರಿಪೇರಿ ಮಾಡಿಸುತ್ತಿದ್ದುದು ಅದಕ್ಕೇ.

ಅಮರೇಶ ಮಗ್ಗದ ಹಳೆಯ ಕಬ್ಬಿಣದ ಸರಳೊಂದನ್ನು ಕೊಳವೆಯೊಳಗೆ ತೂರಿಸಿ, ಆ ತುದಿಯ ಕಪ್‌ನ ಅಂಚಿಗೆ ಆನಿಸಿ ಸುತ್ತಿಗೆಯಿಂದ ಬಡಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಒಂದ ಕಡಿ ಬಡದ್ರ ಡೊಂಕಾಗಿ ಇನ್ನೂ ಬಿಗೀತೈತಿ," ಎಂದ. ಟಣ್ಣೆಂದು ಕಪ್ ಕಳಚಿ ಬಿತ್ತು. ಇನ್ನೊಂದೂ ಬಿತ್ತು.

ಹೊಸ ಕಪ್‌ಗಳನ್ನು ಕೊಳವೆಯ ಎರಡೂ ಬಾಯಿಗಿಟ್ಟು, ನಡುವೆ ಉದ್ದನೆಯ ಬೋಲ್ಟ್ ತೂರಿಸಿ, ಎರಡೂ ತುದಿಗೆ ದಪ್ಪ ವಾಷರ್, ನಟ್ ಹಾಕಿದ. "ಇದು ಒಬ್ಬರಿಂದ ಆಗೂದಲ್ರಿ. ಈ ಪಾನಾ ಹಾಕಿ ಕೆಳಗಿನ ನಟ್ ಹಿಡೀರಿ, ಮ್ಯಾಲಿಂದು ನಾ ತಿರುವತೇನಿ."

ಇಬ್ಬರೂ ಬಾಗಿದರು. ಗ್ರೀಸ್ ಮೆತ್ತಿದ ಅವನ ಬೆರಳು ಅವಳ ಬಳೆಗಳಿಂದ ಒಂದು ಗೇಣು ದೂರ. ಕಪ್‌ಗಳು ಕೂದಲೆಳೆಯಷ್ಟು, ಕೂದಲೆಳೆಯಷ್ಟೇ ಒಳಸರಿದವು.

"ನಾಳೆ ಬರೋರಿಗೆ ಏನ್ ಹೇಳ್ತೀರಿ?"

"ನನ್ನ ಯಾರ್ ಕೇಳ್ತಾರ್ರಿ?"

ಅವನ ಪಾನಾ ನಿಂತಿತು. "ನಾ ಕೇಳಾಕತ್ತೇನಿ. ನನ್ನ ಮದುವಿ ಆಗ್ತೀರೇನು?"

ಆಗಲೇ ಮಗ್ಗ ನಿಂತಿತು.

ಇಷ್ಟು ವರ್ಷ ಈ ಮೌನಕ್ಕೆ ಅವಳು ಬಾಯಿ ಮುಚ್ಚಿದ್ದಳು. ಈಗಲೂ ಸುಮ್ಮನಿದ್ದರೆ ನಾಳೆಯೂ ಸುಮ್ಮನೆ, ಆಮೇಲೂ ಸುಮ್ಮನೆ. ಅವಳು ಪಾನಾ ಬಿಗಿಯಾಗಿ ಹಿಡಿದಳು.

"ಆಗ್ತೇನಿ," ಎಂದಳು, ಒಳಗೆ ಕೇಳುವಷ್ಟು ಗಟ್ಟಿಯಾಗಿ.

ಅಜ್ಜಿ ಕಾಲಿಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಒಂದು ಕೆಮ್ಮು. "ಭುವನೀ..."

"ಏನಬೇ?"

"ಆ ಸೈಕಲ್ ಹುನಗುಂದಕ್ಕ ಕಳ್ಸೂದು ಬ್ಯಾಡಂತ ನಿಮ್ಮಪ್ಪಗ ನಾ ಹೇಳ್ತೇನಿ."

ಲಟಪಟ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಭುವನೇಶ್ವರಿಯ ಕಣ್ಣು ತುಂಬಿ ನಟ್ ಕಾಣದಂತಾಯಿತು.

"ಇನ್ನಾ ಅರ್ಧಾ ಸುತ್ತು ಐತ್ರಿ ಟೀಚರ್," ಅಮರೇಶ ಮೆಲ್ಲಗೆ ಅಂದ. "ಬಿಡಬ್ಯಾಡ್ರಿ."

ಅವಳು ಬಿಡಲಿಲ್ಲ.