ಕುಂಬಳಕಾಯಿ ಕೊರೆದ ಶುಕ್ರವಾರ

ಗೇಟು ತೆರೆದ ಸೌಮ್ಯಶ್ರೀಗೆ ಮೊದಲು ಕಂಡದ್ದು ತಲೆಬುರುಡೆ. ಅದರ ಹಿಂದಿನಿಂದ ಒಂದು ಜೋಡಿ ಕಣ್ಣು ಇಣುಕಿತು.

“ಲತೇಶ್ ಸರ್ ಮನಿ ಇದೇ ಏನ್ರೀ? ಹೆಣಾ ತಂದೀನಿ.”

“ಎಂಥದು ಮಾರಾಯ್ರೆ!” ಅವಳು ಗೇಟನ್ನು ಅರ್ಧ ಮುಚ್ಚಿಯೇಬಿಟ್ಟಳು.

ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ತಂತಿಯಲ್ಲಿ ಹೆಣೆದು ಮಾಡಿದ ಅಸ್ಥಿಪಂಜರ ಅದು. ಹೊತ್ತು ತಂದವನು ನೀಲಕಂಠ. ಬಾಗಲಕೋಟೆಯವನು, ಮಸ್ಕತ್ತಿನ ಘಾಲಾದ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಸೌಮ್ಯಶ್ರೀಯ ಅಣ್ಣ ಲತೇಶ್ ಅದೇ ಕಂಪನಿಯ ಮ್ಯಾನೇಜರ್. ಅವರ ವಿಲ್ಲಾ ಕಾಂಪೌಂಡಿನಲ್ಲಿ ಹಲವು ದೇಶಗಳ ಸಂಸಾರಗಳಿದ್ದವು. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್‌ಗೆಂದು ಮನೆಮನೆಯ ಮುಂದೆಯೂ ಭೂತಪ್ರೇತಗಳ ಅಲಂಕಾರ. ಈ ಸಲ ಅಂಗಡಿಯದು ಬೇಡ, ಎಲ್ಲವನ್ನೂ ನಾವೇ ಮಾಡೋಣ ಎಂದು ಲತೇಶನ ಮಗಳು ನಿಶ್ಮಿತಾ ಹಟ ಹಿಡಿದಿದ್ದಳು.

ಹಾಗಾಗಿ ರಜೆಯ ಶುಕ್ರವಾರಗಳು ಅಂಗಳದಲ್ಲೇ ಕಳೆದವು. ಅತ್ತಿಗೆ ಸ್ವರ್ಣಲತಾ ಹಳೆಯ ಬೆಡ್‌ಶೀಟಿನಲ್ಲಿ ದೆವ್ವ ಹೊಲಿದರು. ಲತೇಶ್ ಥರ್ಮೋಕೋಲಿನಲ್ಲಿ ಗೋರಿಕಲ್ಲು ಕೆತ್ತಿ, ಮಗಳನ್ನು ನಗಿಸಿ ನಗಿಸಿ ಸುಸ್ತು ಮಾಡಿದ. ಸೌಮ್ಯಶ್ರೀಯೂ ನೀಲಕಂಠನೂ ಬೆದರುಬೊಂಬೆಗೆ ಹುಲ್ಲು ತುಂಬಿದರು.

“ನಿಮ್ಮ ಬೊಂಬಿ ಮಾರಿ ಭಾಳ ಚಂದ ಆತ್ರೀ. ಯಾರೂ ಅಂಜಂಗಿಲ್ಲ.”

“ನೀವು ಒಮ್ಮೆ ಪಕ್ಕದಲ್ಲಿ ನಿಲ್ಲಿ. ಆಗ ಹೆದರ್ತಾರೆ.”

ಅವನು ನಕ್ಕ. ಹುಲ್ಲಿನೊಳಗೆ ಅವಳ ಬೆರಳಿಗೆ ಅವನ ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

ಆಗಲೇ ಗೋಡೆಗೆ ಏನೋ ಅಪ್ಪಳಿಸಿದ ಸದ್ದು. ಸ್ವರ್ಣಲತಾ ಬಟ್ಟೆಯನ್ನು ಸೊಟ್ಟ ಕತ್ತರಿಸಿದ್ದರು. ಲತೇಶ್ ಎಸೆದ ಪೇಂಟ್ ಡಬ್ಬಿ ಅವರ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿದಿತ್ತು. ಕೆಂಪು ಬಣ್ಣ ಅವರ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವರು ಅಲುಗಾಡಲಿಲ್ಲ. ಅಭ್ಯಾಸವಾಗಿದ್ದವರಂತೆ ಕಣ್ಣು ಮಾತ್ರ ಮುಚ್ಚಿಕೊಂಡರು.

“ಹೆದರಿದ್ಯಾ? ಹ್ಯಾಲೋವೀನ್ ಅಲ್ವಾ!” ಲತೇಶ್ ಜೋರಾಗಿ ನಕ್ಕ. ನಿಶ್ಮಿತಾ ನಗಲಿಲ್ಲ.

“ಇದು ದಿನಾ ನಡೀತೈತೇನ್ರೀ?” ನೀಲಕಂಠ ಮೆಲ್ಲಗೆ ಕೇಳಿದ.

“ಈ ಮನೆಯಲ್ಲಿ ಅದನ್ನು ಯಾರೂ ಮಾತಾಡುವುದಿಲ್ಲ,” ಎಂದಳು ಸೌಮ್ಯಶ್ರೀ. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಕೋಣೆಯ ಬಾಗಿಲ ಹಿಂದಿನ ಸದ್ದು, ಮರುದಿನ ಅತ್ತಿಗೆ ತೊಡುವ ಪೂರ್ತಿ ತೋಳಿನ ಕುಪ್ಪಸ, ಎರಡೂ ಅವಳಿಗೆ ಗೊತ್ತಿದ್ದವು. ಖುರುಮ್‌ನಲ್ಲಿ ಅವಳಿಗೆ ಕೆಲಸ ಕೊಡಿಸಿದವನು ಅಣ್ಣ. ತಲೆಯ ಮೇಲಿನ ಸೂರೂ ಅವನದೇ.

ಆಮೇಲಿನ ಸಂಜೆಗಳಲ್ಲಿ ಅವಳೂ ನೀಲಕಂಠನೂ ಖುರುಮ್ ಬೀಚಿನಲ್ಲಿ ಕರಕ್ ಚಹಾ ಕುಡಿದರು. ಅವಳು ಮಾತು ಮುಗಿಸುವ ತನಕ ಅವನು ಕಾಯುತ್ತಿದ್ದ. ಅಷ್ಟಕ್ಕೇ ಅವಳ ಎದೆ ತುಂಬಿಬರುತ್ತಿತ್ತು. ಅಂಥ ಕಾಯುವಿಕೆ ಅವಳಿಗೆ ಹೊಸದು.

ಹ್ಯಾಲೋವೀನಿನ ಹಿಂದಿನ ಶುಕ್ರವಾರ ಎಲ್ಲರೂ ಕುಂಬಳಕಾಯಿ ಕೊರೆಯುತ್ತಿದ್ದರು. ನೀಲಕಂಠನ ಹಣೆಗೆ ಅಂಟಿದ್ದ ಬೀಜವನ್ನು ಸೌಮ್ಯಶ್ರೀ ಬೆರಳಿನಿಂದ ತೆಗೆದಳು. ತೆಗೆದ ಬೆರಳನ್ನು ಒಂದು ಕ್ಷಣ ಅಲ್ಲೇ ಇಟ್ಟಳು. ಲತೇಶ್ ನೋಡಿದ.

ಅವನು ಗೋರಿಕಲ್ಲುಗಳಿಗೆ ಆಸರೆಯಾಗಿ ಊರಲು ತಂದಿದ್ದ ಕಬ್ಬಿಣದ ಪೈಪು ಎತ್ತಿ ಬೀಸಿದ. ಮೊದಲ ಏಟು ನೀಲಕಂಠನ ಬೆನ್ನಿಗೆ. ಎರಡನೆಯದನ್ನು ಅವನು ತಡೆಯಲು ಕೈ ಎತ್ತಿದ. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು.

“ನನ್ನ ಮನೆಯ ಅನ್ನ ತಿಂದು ನನ್ನ ತಂಗಿಯ ಮೇಲೇ ಕಣ್ಣಾ? ಯಾವ ಜಾತಿಯವನೋ ನೀನು?” ಏಟಿನ ಮೇಲೆ ಏಟು. ಬೆದರುಬೊಂಬೆ ಉರುಳಿತು, ಕುಂಬಳಕಾಯಿ ಹೋಳಾಯಿತು. ಎದುರು ಮನೆಯ ಓಲಿವಿಯಾ ಇದೂ ಹಬ್ಬದ ಆಟವೆಂದು ಚಪ್ಪಾಳೆ ತಟ್ಟಿದರು. ನೀಲಕಂಠನ ತಲೆಯಿಂದ ಹರಿಯುತ್ತಿದ್ದದ್ದು ಬಣ್ಣವಲ್ಲವೆಂದು ತಿಳಿದಾಗ ಕಿರುಚಿದರು.

ಸೌಮ್ಯಶ್ರೀ ನಡುವೆ ನುಗ್ಗಿದಳು. ಅಣ್ಣನ ಮುಷ್ಟಿ ಅವಳ ಬಾಯಿಗೆ ಬಿತ್ತು. ನಾಲಿಗೆಗೆ ಉಪ್ಪು ಹತ್ತಿತು. ಮಣ್ಣಿನಲ್ಲಿ ಬಿದ್ದವಳು ನೋಡುವಾಗ, ನೀಲಕಂಠನ ತಲೆಯ ಮೇಲೆ ಪೈಪು ಮತ್ತೆ ಎದ್ದಿತ್ತು.

ಅದು ಕೆಳಗೆ ಬರಲಿಲ್ಲ. ಗೂಟ ಹೊಡೆಯುವ ಮರದ ಕೊಡತಿ ಹಿಡಿದು ಸ್ವರ್ಣಲತಾ ಗಂಡನ ಮೊಣಕಾಲಿಗೆ ಎರಡೂ ಕೈಯಿಂದ ಬಾರಿಸಿದ್ದರು. ಅವನು ಕೂಗುತ್ತಾ ಕುಸಿದ. ಪೈಪು ಸಿಮೆಂಟಿನ ಮೇಲೆ ಉರುಳಿತು. ಅವನು ಅದಕ್ಕೆ ಕೈ ಚಾಚಿದಾಗ ಅವರು ಕೊಡತಿಯನ್ನು ಮತ್ತೆ ಎತ್ತಿದರು.

“ಮುಟ್ಟಿ ನೋಡಿ!”

ಆ ದನಿಯನ್ನು ಆ ಮನೆ ಯಾವತ್ತೂ ಕೇಳಿರಲಿಲ್ಲ. ಲತೇಶ್ ಕೈ ಹಿಂದೆಳೆದುಕೊಂಡ.

ಓಲಿವಿಯಾ ನಿಶ್ಮಿತಾಳನ್ನು ತಮ್ಮ ಮನೆಗೆ ಕರೆದೊಯ್ದು, ನೀಲಕಂಠ, ಸೌಮ್ಯಶ್ರೀ, ಸ್ವರ್ಣಲತಾ ಮೂವರನ್ನೂ ಆಸ್ಪತ್ರೆಗೆ ಕಳಿಸಿದರು. ಡಾಕ್ಟರ್ ಫರ್ಝಾನಾ ಗಾಯ ಹೊಲಿಯುತ್ತಾ, ಏನಾಯಿತೆಂದು ಕೇಳಿದರು.

“ಏಣಿಯಿಂದ ಬಿದ್ದೆ,” ಎಂದ ನೀಲಕಂಠ.

ಡಾಕ್ಟರ್ ಆಚೆ ಹೋದ ಮೇಲೆ ಸೌಮ್ಯಶ್ರೀ ಸಿಡಿದಳು. “ಯಾಕೆ ಸುಳ್ಳು ಹೇಳಿದ್ದು?”

“ಕೇಸ್ ಆದ್ರ ನಿಮ್ಮಣ್ಣನ ಕೆಲಸಾ, ವೀಸಾ ಎಲ್ಲಾ ಖಲಾಸ್. ಅತ್ತಿಗಿ, ಕೂಸು ಎಲ್ಲಿ ಹೋಗಬೇಕು? ನಾಳೆ ನೀವು ನನ್ನ ಮಾರಿ ನೋಡಿದಾಗೆಲ್ಲಾ ಅದ ನೆನಪಾಗತೈತಿ.”

ಅವಳ ಸೀಳಿದ ತುಟಿ ಉರಿಯುತ್ತಿತ್ತು. “ನಿಮ್ಮ ಮುಖ ನನಗೆ ಇಡೀ ಜೀವನ ನೋಡಲಿಕ್ಕುಂಟು. ಸುಳ್ಳು ಇಟ್ಟುಕೊಂಡು ನೋಡ್ಲಿಕ್ಕೆ ಆಗುವುದಿಲ್ಲ ನನಗೆ.”

ತಾನು ಏನು ಹೇಳಿಬಿಟ್ಟೆನೆಂದು ಅವಳಿಗೆ ಆಮೇಲೆ ಹೊಳೆಯಿತು. ಅವನು ನೋವನ್ನೂ ಮರೆತು ಅವಳನ್ನೇ ನೋಡಿದ.

“ಇಡೀ ಜೀವನಾ ಅಂದ್ರೇನ್ರೀ?”

“ಕಿವಿಗೂ ಪೆಟ್ಟಾಗಿದೆಯಾ?”

ಅಷ್ಟರಲ್ಲಿ ಡಾಕ್ಟರ್ ಮರಳಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸ್ವರ್ಣಲತಾ ಎದ್ದು ನಿಂತರು. ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯಿಂದ ಭುಜದವರೆಗೆ ಹಳದಿ, ನೀಲಿ, ಕಪ್ಪು ಬಾಸುಂಡೆಗಳು. ಕೆಲವು ಹಳೆಯವು, ಕೆಲವು ಆ ವಾರದವು.

“ಅವರು ಏಣಿಯಿಂದ ಬಿದ್ದದ್ದಲ್ಲ,” ಎಂದರು ಹಿಂದಿಯಲ್ಲಿ. “ನಾನೂ ಬಿದ್ದದ್ದಲ್ಲ. ಬರೆದುಕೊಳ್ಳಿ.”

ಪೊಲೀಸರು ಲತೇಶನನ್ನು ಕರೆದೊಯ್ದರು. ಶಿಕ್ಷೆ ಮುಗಿಸಿ ಊರಿಗೆ ಕಳಿಸುವ ಮುನ್ನ ಸೌಮ್ಯಶ್ರೀ ಒಮ್ಮೆ ನೋಡಲು ಜೈಲಿಗೆ ಹೋದಳು. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಚಿಕ್ಕವಳಿದ್ದಾಗ ಅವಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟ ಅಣ್ಣ ಅವನೇ. ಅವಳು ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತಳು.

ಸ್ವರ್ಣಲತಾಗೆ ಇಂಡಿಯನ್ ಸ್ಕೂಲಿನಲ್ಲಿ ಟೀಚರ್ ಕೆಲಸವಿತ್ತು, ನೀಲಕಂಠನಿಗೆ ತಿಳಿಯದಿದ್ದರೂ ಅವರದೇ ವೀಸಾ ಇತ್ತು. ಮಗಳನ್ನೂ ನಾದಿನಿಯನ್ನೂ ಕರೆದುಕೊಂಡು ಚಿಕ್ಕ ಫ್ಲ್ಯಾಟಿಗೆ ಬಂದರು. ಮಸ್ಕತ್ತಿನ ಗಾಳಿ ತಣ್ಣಗಾದ ಒಂದು ಸಂಜೆ ನೀಲಕಂಠ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಿಗೆ ಬಂದ. ಪ್ಲಾಸ್ಟರ್ ಬಿಚ್ಚಿದ್ದ ಕೈ ಇನ್ನೂ ಬಡಕಲಾಗಿತ್ತು. ಸೌಮ್ಯಶ್ರೀಯನ್ನು ಕಣ್ಣೆತ್ತಿಯೂ ನೋಡದೆ ನೇರವಾಗಿ ಸ್ವರ್ಣಲತಾರ ಎದುರು ಕೂತ.

“ಈ ಮನಿಗೆ ಹಿರೇರು ನೀವ. ಅದಕ್ಕ ನಿಮ್ಮನ್ನ ಕೇಳಾಕ ಬಂದೀನ್ರಿ. ಸೌಮ್ಯಾ ಅವರನ್ನ ಮದುವಿ ಮಾಡಿಕೊಡ್ತೀರೇನ್ರಿ?”

“ನನ್ನನ್ನಾ?” ಸ್ವರ್ಣಲತಾ ಗಲಿಬಿಲಿಗೊಂಡರು. ಅವರನ್ನು ಯಾರೂ ಏನನ್ನೂ ಕೇಳಿ ಗೊತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. “ಒಂದೇ ಮಾತು ಕೇಳ್ತೇನೆ. ನಿಮಗೆ ಸಿಟ್ಟು ಬಂದರೆ ಎಂಥ ಮಾಡ್ತೀರಿ?”

ಅವನು ನಿಜವಾಗಿಯೂ ಯೋಚಿಸಿದ.

“ಮಾತ ಬಿಡ್ತೀನ್ರಿ,” ಎಂದ ತಪ್ಪೊಪ್ಪಿಕೊಂಡವನಂತೆ. “ಎರಡು ದಿನಾ ಮಾತಾಡಂಗಿಲ್ಲ. ಕೆಟ್ಟ ಚಟಾ ಅದು.”

ಅಡುಗೆಮನೆಯ ಬಾಗಿಲಲ್ಲಿ ಸೌಮ್ಯಶ್ರೀ ಚಹಾದ ಟ್ರೇ ಹಿಡಿದು ನಿಂತಿದ್ದಳು. “ಎರಡು ದಿನ ಜಾಸ್ತಿ ಆಯ್ತು,” ಎಂದಳು. “ಅರ್ಧ ದಿನ ಸಾಕು.”

ಸ್ವರ್ಣಲತಾ ಮೊದಲು ಅವಳನ್ನು, ಮತ್ತೆ ಅವನನ್ನು ನೋಡಿದರು. ಆಮೇಲೆ ಮೊದಲ ಸಲ ಬಾಯಿಗೆ ಕೈ ಅಡ್ಡ ಹಿಡಿಯದೆ, ತುಂಬಾ ಹೊತ್ತು ನಕ್ಕರು.