ಸಭೆಯಲ್ಲಿ ಎದುರು ಮಾತಾಡಿದವನು

"ಕಾಸ್ಪರ್... ನೀನಾ?"

ಸಭಾವೇದಿಕೆಯ ಮರದ ಮೆಟ್ಟಿಲ ಮೇಲೆ ರೆಗುಲಾ ಹಾಗೇ ನಿಂತುಬಿಟ್ಟಳು. ಮಾತು ಮುಗಿಸಿ ಅವಳು ಇಳಿಯುತ್ತಿದ್ದಳು, ಅವನು ಹತ್ತುತ್ತಿದ್ದ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

'ನನ್ನ ಪರವಾಗಿ ಮಾತಾಡೋಕೆ ಬಂದಿದಾನೆ!' ಅವಳ ಎದೆ ಹಿಗ್ಗಿತು.

ಮೇ ತಿಂಗಳ ಮೊದಲ ಭಾನುವಾರ. ಗ್ಲಾರುಸ್ ನಾಡಿನ ಜನ ಬಯಲಲ್ಲಿ ಸೇರಿ, ಕೈ ಎತ್ತಿ, ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳುವ ದಿನ. ಹದಿನಾರು ತುಂಬಿದ ಹುಡುಗಿಯಿಂದ ಹಿಡಿದು ಕೋಲೂರಿಕೊಂಡು ಬಂದ ಅಜ್ಜನವರೆಗೆ ಎಲ್ಲರ ಕೈಗೂ ಅಲ್ಲಿ ಒಂದೇ ತೂಕ. ಇಂದು ಅವರ ಮುಂದಿದ್ದದ್ದು ರೆಗುಲಾ ಕಲಿಸುವ ಬಟ್ಟೆ ಅಚ್ಚಿನ ಶಾಲೆಯ ಹಣೆಬರಹ.

ಕೆಂಪು ವಸ್ತ್ರದ ಮೇಲೆ ಮಾವಿನಕಾಯಿ ಚಿತ್ತಾರ ಅಚ್ಚೊತ್ತುವುದನ್ನು ಕಲಿಯಲು ಈಗ ನಾಲ್ಕೇ ಮಕ್ಕಳು. ಮುಚ್ಚೋಣ ಎಂದಿತ್ತು ಸರ್ಕಾರ. ಬೇಡ ಎಂದು ರೆಗುಲಾ ಕೇಳಿಕೊಂಡಿದ್ದಳು. ಮುಚ್ಚಿದರೆ ಅವಳು ಈ ಕಣಿವೆ ಬಿಟ್ಟು ದೂರದ ಊರಾದ ಸೇಂಟ್ ಗಾಲೆನ್‌ಗೆ ಹೋಗಬೇಕು. ಅಲ್ಲಿಂದ ಬಂದ ಕೆಲಸದ ಪತ್ರಕ್ಕೆ ನಾಳೆಯೇ ಉತ್ತರ ಕೊಡಬೇಕಿತ್ತು.

ಕಾಸ್ಪರ್ ಪಕ್ಕದ ಟರ್ಬೈನ್ ಕಾರ್ಖಾನೆಯಲ್ಲಿ ಹುಡುಗರಿಗೆ ಕೆಲಸ ಕಲಿಸುವವನು. ಎರಡು ವರ್ಷದಿಂದ ಶಾಲೆಯ ಬಣ್ಣ ಕಲಸುವ ಯಂತ್ರ ಕೆಟ್ಟಾಗಲೆಲ್ಲ ಬಂದು ರಿಪೇರಿ ಮಾಡಿಕೊಡುತ್ತಿದ್ದ. ಕೆಡದಿದ್ದಾಗಲೂ ಬರುತ್ತಿದ್ದ! ಬಾಯಿ ಬಿಟ್ಟು ಮಾತ್ರ ಏನೂ ಹೇಳಿದವನಲ್ಲ. ಅವಳೂ ಕಾಯುತ್ತಲೇ ಇದ್ದಳು.

"ನಂಬಿಕೆಯ ನಾಡಬಾಂಧವರೇ..." ಅವನ ದನಿ ನಡುಗಿತು. "ಈ ವಿಷಯಾನ ಮುಂದಿನ ವರ್ಷಕ್ಕೆ ಮುಂದೂಡಬೇಕು ಅಂತ ಕೇಳ್ಕೊಳ್ತೀನಿ."

ಏನು? ಮುಂದೂಡೋದಾ?

ತನ್ನ ಮಾತಿಗೆ ಮುಂದಿನ ಸಾಲಿನವರೆಲ್ಲ ತಲೆಯಾಡಿಸಿದ್ದನ್ನು ರೆಗುಲಾ ಕಣ್ಣಾರೆ ಕಂಡಿದ್ದಳು. ಇವತ್ತೇ ಕೈ ಎತ್ತಿಸಿದ್ದರೆ ಗೆಲುವು ಅವಳದೇ! ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದವನು... ಇವನಾ?

ಸಾವಿರಾರು ಕೈಗಳು ಎದ್ದವು. ಸಭೆಯ ಅಧ್ಯಕ್ಷೆ ಒಮ್ಮೆ ಸುತ್ತ ಕಣ್ಣಾಡಿಸಿ ಹೇಳಿದರು: "ಮುಂದೂಡಲಾಗಿದೆ."

ರೆಗುಲಾ ತಿರುಗಿಯೂ ನೋಡದೆ ಹೊರಟುಬಿಟ್ಟಳು.

ಊಟದ ಹೊತ್ತಿಗೆ ಅವಳ ಚಿಕ್ಕಮ್ಮ ಡೋರ್ಲಿಯ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಎದುರುಬದುರು ವಾದಿಸಿದವರೆಲ್ಲ ಈಗ ಭುಜಕ್ಕೆ ಭುಜ ತಾಗಿಸಿ ಕೂತು ಬಿಳಿ ಸಾಸೇಜು, ಹಿಸುಕಿದ ಆಲೂಗಡ್ಡೆ ತಿನ್ನುತ್ತಿದ್ದರು. ಆ ಜನರ ದೊಡ್ಡತನವೇ ಅದು. ರೆಗುಲಾ ಮಾತ್ರ ಇಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತಿದ್ದಳು.

ಕಾಸ್ಪರ್ ಬಂದು ಎದುರಿಗೆ ಕೂತ.

"ಏಳು ಇಲ್ಲಿಂದ!"

"ರೆಗುಲಾ, ಒಂದು ನಿಮಿಷ ಕೇಳು..."

"ನನ್ನ ಗೆಲುವನ್ನ ಕಿತ್ಕೊಂಡೆಯಲ್ಲೋ! ನಾನೇನು ಮಾಡಿದ್ದೆ ನಿನಗೆ?"

"ನೀನು ಮುಂದೆ ಇದ್ದೆ. ನಾನು ಹಿಂದೆ ನಿಂತಿದ್ದೆ. ಅಲ್ಲಿದ್ದೋರೆಲ್ಲ ಮುಚ್ಚೋಣ ಅಂತಾನೇ ಮಾತಾಡ್ಕೋತಿದ್ರು."

"ಸುಳ್ಳು!"

"ಸುಳ್ಳಲ್ಲ ಕಣೇ," ತಟ್ಟೆ ಹಿಡಿದು ಬಂದ ಡೋರ್ಲಿ ನಡುವೆ ಬಾಯಿ ಹಾಕಿದಳು. "ನಾನೂ ಮುಚ್ಚೋಕೇ ಕೈ ಎತ್ತೋಳಿದ್ದೆ."

"ಚಿಕ್ಕಮ್ಮ! ನೀನೂನಾ?"

"ನಾಲ್ಕು ಮಕ್ಕಳಿಗೆ ಒಂದು ಶಾಲೆ ಯಾಕೆ, ರೈಲಲ್ಲಿ ಹೋಗಿ ಕಲೀಲಿ ಅನ್ನಿಸ್ತು. ಸಂಬಂಧ ಬೇರೆ, ಓಟು ಬೇರೆ. ಅದಕ್ಕೇನು ಊಟ ಹಾಕಲ್ಲ ಅಂದ್ನಾ? ಒಂದು ವರ್ಷ ಟೈಮಿದೆ, ನನ್ನ ಒಪ್ಪಿಸು ನೋಡೋಣ!"

ಡೋರ್ಲಿ ನಗುತ್ತಾ ಮುಂದಿನ ಮೇಜಿಗೆ ಹೋದಳು. ರೆಗುಲಾ ಮತ್ತೆ ಕಾಸ್ಪರ್ ಕಡೆ ತಿರುಗಿದಳು. ಇವತ್ತು ಸೋತಿದ್ದರೆ ಶಾಲೆ ಇವತ್ತಿಗೇ ಮುಗಿಯುತ್ತಿತ್ತು... ಅದನ್ನು ಉಳಿಸಿದವನನ್ನೇ ತಾನು ಬೈದಿದ್ದು!

"ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನೀನಾಗಲೇ ವೇದಿಕೆ ಮೇಲಿದ್ದೆ. ಜನರನ್ನ ತಳ್ಕೊಂಡು ಬರೋಷ್ಟರಲ್ಲಿ ನೀನು ಇಳೀತಿದ್ದೆ."

ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವನು ಇವನು! ಅವಳ ಕಣ್ಣು ತುಂಬಿ ಬಂತು.

"ನಮ್ಮ ಶಾಲೆ ಮೇಲೆ ಅಷ್ಟೊಂದು ಪ್ರೀತೀನಾ ನಿನಗೆ?"

ಕಾಸ್ಪರ್ ತಲೆ ತಗ್ಗಿಸಿದ.

"ಬಾಯಲ್ಲಿ ಶಾಲೆ ಅಂತ ಬಂತು. ಮನಸ್ಸಲ್ಲಿ ಇದ್ದದ್ದು... ನೀನು ಹೋಗಬಾರದು ಅಂತ."

"ಹಾಗಾದ್ರೆ ಅದನ್ನೇ ಹೇಳಬೇಕಿತ್ತು!"

"ವಿಷಯ ಬಿಟ್ಟು ಮಾತಾಡಿದ್ರೆ ಅಧ್ಯಕ್ಷೆ ಕೆಳಗಿಳಿಸಿಬಿಡ್ತಾರೆ."

ಅಳು ಬರುತ್ತಿದ್ದರೂ ರೆಗುಲಾ ಜೋರಾಗಿ ನಕ್ಕುಬಿಟ್ಟಳು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ ಬಿಡು!

"ಇಲ್ಲಿ ಅಧ್ಯಕ್ಷೆ ಇಲ್ಲ. ಈಗ ಹೇಳು."

"ನೀನಂದ್ರೆ ನನಗೆ ಪ್ರಾಣ, ರೆಗುಲಾ. ನಾಳೆ ಆ ಪತ್ರಕ್ಕೆ... ಬರಲ್ಲ ಅಂತ ಬರೀತೀಯಾ?"

"ಬರೀತೀನಿ." ಅವಳು ಅವನ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆದರೆ ಒಂದು ಮಾತು ಕಾಸ್ಪರ್... ನಮ್ಮ ಮದುವೇನ ಮಾತ್ರ ಮುಂದಿನ ವರ್ಷಕ್ಕೆ ಮುಂದೂಡಬೇಡ!"