ಕೀಲಿ ತೆಗೆದರೂ ನಿಲ್ಲದ ಕಾರು

ಗೇಟು ತೆಗೆದ ಚಂದನಳ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಎದುರಿಗೆ ಯತೀಶ್. ಎರಡು ವರ್ಷದ ಹಿಂದೆ ಹಲಗೂರಿನ ಜನರೆಲ್ಲ ನೋಡುತ್ತಿರುವಾಗ, ನಮ್ಮಪ್ಪನನ್ನು ಕೊಂದವನು ನೀನೇ ಎಂದು ಅವಳು ಬೈದು ಅಟ್ಟಿದ್ದ ಯತೀಶ್. ಮದುವೆಯಾದರೆ ಇವನನ್ನೇ ಎಂದು ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದವನೂ ಇದೇ ಯತೀಶ್!

ಅವನ ಕೈಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಕಾರ್ಬೊರೇಟರ್ ಇತ್ತು, ಇಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಭಾಗ. ಮದ್ದೂರಿನ ಚಿಕ್ಕಪ್ಪ ಅದನ್ನು ಅಪ್ಪನ ಕಾರಿನಿಂದ ಬಿಚ್ಚಿಕೊಂಡು ಹೋಗಿ, ಮಂಡ್ಯದ ಗುತ್ತಲು ಬಡಾವಣೆಯ ಒಂದು ಗ್ಯಾರೇಜಿಗೆ ರಿಪೇರಿಗೆ ಕೊಟ್ಟಿದ್ದ. ಅದು ಯಾರ ಗ್ಯಾರೇಜು ಎಂದು ಅವಳು ಕೇಳಿರಲಿಲ್ಲ. ಚಿಕ್ಕಪ್ಪ ಬೇಕೆಂದೇ ಹೇಳಿರಲಿಲ್ಲ.

"ಕೂರ್ಸಿ ಒಂಟೋಯ್ತೀನಿ," ಎಂದ ಯತೀಶ್. ಅವಳ ಮುಖ ನೋಡಲಿಲ್ಲ.

ಬೇಡ ಎನ್ನಬೇಕೆನಿಸಿತು. ಆದರೆ ಬೇರೆ ಯಾರಿದ್ದರು? ಹಲಗೂರಿನ ಯಾವ ಮೆಕ್ಯಾನಿಕ್ಕೂ ಆ ಹಳೇ ಅಂಬಾಸಿಡರನ್ನು ಮುಟ್ಟುತ್ತಿರಲಿಲ್ಲ. ಅವಳ ಅಪ್ಪ ಬೋರಯ್ಯ ಜೀವ ಬಿಟ್ಟದ್ದು ಅದರ ಸ್ಟೇರಿಂಗಿನ ಮೇಲೇ. ಅವತ್ತೊಂದು ಶನಿವಾರ ಮುತ್ತತ್ತಿಯ ಹನುಮಂತನ ಗುಡಿಗೆ ಒಬ್ಬರೇ ಹೋಗುವಾಗ ಕಾಡಿನ ನಡುವೆ ಕಾರು ನಿಂತಿತ್ತು. ಎದೆನೋವು ಬಂದಾಗ ಆಸ್ಪತ್ರೆಗೆ ಹೋಗಲು ಅದು ಸ್ಟಾರ್ಟೇ ಆಗಿರಲಿಲ್ಲ. ಹಿಂದಿನ ದಿನವಷ್ಟೇ ಅದರ ಕಾರ್ಬೊರೇಟರ್ ಕ್ಲೀನ್ ಮಾಡಿಕೊಟ್ಟಿದ್ದವನು ಯತೀಶ್.

ಅಂದಿನಿಂದ ಕಾರು ಮನೆ ಪಕ್ಕದ ಶೆಡ್ಡಿನಲ್ಲಿತ್ತು. ಬೀದಿ ನಾಯಿಗಳೂ ಅದರಡಿ ಮಲಗುತ್ತಿರಲಿಲ್ಲ. ಶನಿವಾರ ಬಂದರೆ ಶೆಡ್ಡಿನಿಂದ ಕೆಮ್ಮು ಕೇಳುತ್ತದೆ ಎಂದು ಅವ್ವ ದೇವಿರಮ್ಮ ಹೇಳುತ್ತಿದ್ದರು. ಚಂದನ ಮಳವಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಕಾರನ್ನು ಓಡುವ ಹಾಗೆ ಮಾಡಿ ಚಿಕ್ಕಪ್ಪನ ಮನೆಗೆ ಸಾಗಹಾಕಲು ಹೊರಟಿದ್ದಳು. ಏಕೆಂದರೆ ಅವಳಿಗೂ ಕೇಳಿಸತೊಡಗಿತ್ತು. ಹೋದ ಶನಿವಾರವೂ, ಕಾರ್ಬೊರೇಟರೇ ಇಲ್ಲದ ಆ ಕಾರಿನೊಳಗಿಂದ... ಗಂಟಲು ಸರಿಮಾಡಿಕೊಳ್ಳುವ, ಅಪ್ಪನದೇ ಸದ್ದು.

ಇವತ್ತೂ ಶನಿವಾರ. ಮಧ್ಯಾಹ್ನದ ಬಿಸಿಲಲ್ಲೂ ಶೆಡ್ಡಿನೊಳಗೆ ತಣ್ಣಗಿತ್ತು.

ಯತೀಶ್ ಮೊದಲು ಟ್ಯಾಂಕಿನ ಹಳೇ ಪೆಟ್ರೋಲನ್ನೆಲ್ಲ ಬಕೆಟ್ಟಿಗೆ ಇಳಿಸಿದ. ಅವಳು ಬಗ್ಗಿ ನೋಡುವಷ್ಟರಲ್ಲಿ ಬಕೆಟ್ಟನ್ನು ಗೋಡೆಯಾಚೆ ಒಯ್ದುಬಿಟ್ಟ. ಕ್ಯಾನಿನಿಂದ ಹೊಸ ಪೆಟ್ರೋಲ್ ಸುರಿದ, ತಂದಿದ್ದ ಬ್ಯಾಟರಿ ಜೋಡಿಸಿದ. ಆಮೇಲೆ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಇಟ್ಟು, ಅದರ ಮೇಲೆ ಕಾರ್ಬೊರೇಟರ್ ಕೂರಿಸಿ, ಎರಡೂ ನಟ್ಟುಗಳನ್ನು ಇಷ್ಟಿಷ್ಟೇ ಬಿಗಿ ಮಾಡಿದ. ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕಡ್ಡಿ, ಚೋಕ್ ವೈರು... ಒಂದೊಂದನ್ನೂ ಸಿಕ್ಕಿಸಿ ಎಳೆದು ನೋಡಿದ.

ಇಷ್ಟು ನಿಗಾ ಇಟ್ಟು ಮಾಡುವವನು ಅವತ್ತು ಮಾತ್ರ ಹೇಗೆ ಎಡವಿದ? ಎರಡು ವರ್ಷ ಒಳಗೇ ಅದುಮಿಟ್ಟಿದ್ದ ಪ್ರಶ್ನೆ ಚಂದನಳಿಗೆ ಈಗ ಚುಚ್ಚತೊಡಗಿತು.

ಕೀಲಿ ತಿರುಗಿಸಲು ಒಬ್ಬರು ಬೇಕೆಂದ. ಅವಳು ಹೋಗಿ ಅಪ್ಪನ ಸೀಟಿನಲ್ಲಿ ಕೂತಳು. ಸೀಟು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಇಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಹೊತ್ತಿಕೊಂಡಿತು. ಅದು ಬಿಸಿಯಾಗುವವರೆಗೂ ಬಿಟ್ಟು ಯತೀಶ್ ಕಿವಿಗೊಟ್ಟು ನಿಂತ. ಆಮೇಲೆ ಸಣ್ಣ ಸ್ಕ್ರೂ ಒಂದನ್ನು ಇಂಜಿನ್ ತಡವರಿಸುವವರೆಗೆ ಒಳಕ್ಕೆ ತಿರುಗಿಸಿದ, ಸದ್ದು ಒಂದೇ ಸಮನಾಗುವವರೆಗೆ ಹೊರಕ್ಕೆ ಬಿಟ್ಟ. ಸಾಕು, ಆಫ್ ಮಾಡು ಎಂದು ಕೈಸನ್ನೆ ಮಾಡಿದ.

ಅವಳು ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡಳು.

ಇಂಜಿನ್ ನಿಲ್ಲಲಿಲ್ಲ.

ಕೀಲಿ ಅವಳ ಅಂಗೈಯಲ್ಲಿದೆ... ಆದರೂ ಅದು ಗುಡುಗುಡು ಎನ್ನುತ್ತ, ನಡುನಡುವೆ ಗಂಟಲು ಕೆರೆಯುತ್ತ ಓಡುತ್ತಲೇ ಇದೆ. ಸ್ಟೇರಿಂಗು ತಾನಾಗಿ ನಡುಗುತ್ತಿದೆ. ಬಿಸಿ ಇಂಜಿನ್ನು, ನಿಂತಲ್ಲೇ ತಿರುಗುವ ಐಡ್ಲಿಂಗ್ ವೇಗ ಜಾಸ್ತಿ ಕೊಟ್ಟಿದ್ದೇನೆ, ಕೆಲವು ಸಲ ಹೀಗಾಗುತ್ತದೆ ಎಂದು ಯತೀಶ್ ಹೇಳಿದ. ಹೇಳುವಾಗ ಅವನ ಮುಖವೂ ಬಿಳಿಚಿಕೊಂಡಿತ್ತು.

ಆಗ ಮನೆಯೊಳಗಿಂದ ದೇವಿರಮ್ಮ ಬಂದರು. ಕೈಯಲ್ಲಿ ತಾಮ್ರದ ಚೊಂಬು.

"ಒಂಟ್ರಾ?" ಎಂದು ಕೇಳಿದರು. ಕೇಳಿದ್ದು ಮಗಳನ್ನಲ್ಲ. ಅವರ ಕಣ್ಣು ನೆಟ್ಟಿದ್ದು ಚಂದನಳ ಪಕ್ಕದ ಖಾಲಿ ಸೀಟಿನ ಮೇಲೆ. "ತಾಳಿ, ತೀರ್ಥ ಬುಟ್ಕೊಡ್ತೀನಿ."

ಕಾರಿನ ಹಿಂದಕ್ಕೆ ನಡೆದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಚೊಂಬು ಬಗ್ಗಿಸಿದರು. ಯತೀಶ್ ಓಡಿಹೋಗಿ ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಇಟ್ಟ. ತೀರ್ಥ ಅವನ ಬೆರಳುಗಳ ಮೇಲಿಂದ ನೆಲಕ್ಕೆ ಇಳಿಯಿತು.

"ಕೈ ತಗಿಯಪ್ಪ, ಮುತ್ತತ್ತಿರಾಯನ ತೀರ್ಥ ಕಣಪ್ಪ. ಯಾವಾಗ್ಲೂ ಒಂದ್ ಚಮಚ ಬುಡ್ತಿದ್ದೆ. ಅವತ್ತು ಎದೆ ಇಡ್ಕಂಡಂಗಾಯ್ತದೆ ಅಂದ್ರು. ಅದ್ಕೆ ಚೊಂಬು ಪೂರ್ತಿ ಉಯ್ದೆ. ಆದ್ರೂ ಕಾಪಾಡ್ನಿಲ್ಲ ದೇವ್ರು."

ಇಂಜಿನ್ ನಿಂತಿತು. ಯಾರೂ ಯಾವ ಸ್ಕ್ರೂವನ್ನೂ ಮುಟ್ಟಿರಲಿಲ್ಲ.

ವಿಜ್ಞಾನದ ಟೀಚರಿಗೆ ಬಿಡಿಸಿ ಹೇಳಬೇಕೆ? ನೀರು ಪೆಟ್ರೋಲಿನ ತಳಕ್ಕೆ ಇಳಿಯುತ್ತದೆ. ತಳದಿಂದ ಕಾರ್ಬೊರೇಟರಿಗೆ ಬರುತ್ತದೆ. ಆಮೇಲೆ ಕಾರು ಎಲ್ಲಾದರೂ ನಿಲ್ಲಲೇಬೇಕು... ಕಾಡಿನಲ್ಲಾದರೂ ಸರಿ.

ಅವ್ವನನ್ನು ಒಳಗೆ ಮಲಗಿಸಿ ಬಂದಾಗ ಯತೀಶ್ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುತ್ತಿದ್ದ. ನಿನಗೆ ಯಾವಾಗ ಗೊತ್ತಾಯಿತು ಎಂದು ಅವಳು ಕೇಳಿದಳು. ಕಾರನ್ನು ಎಳೆದುಕೊಂಡು ಬಂದ ದಿನವೇ ಬಿಚ್ಚಿ ನೋಡಿದ್ದನಂತೆ. ಒಳಗೆ ಬರೀ ನೀರಂತೆ, ಟ್ಯಾಂಕಿನ ಬಾಯಲ್ಲಿ ತುಳಸಿ ಎಲೆ ಅಂಟಿತ್ತಂತೆ.

"ಅಷ್ಟು ಜನದ ಮುಂದೆ ಬೈದೆನಲ್ಲ... ಯಾಕೆ ಬಾಯಿ ಬಿಡಲಿಲ್ಲ ನೀನು?"

"ನನ್ ಮ್ಯಾಲೆ ಸಿಟ್ಟಿಟ್ಕಂಡು ನೀನು ಬದುಕ್ಬೋದಿತ್ತು ಚಂದನ. ಅವ್ವನ ಮ್ಯಾಲೆ ಇಟ್ಕಂಡು ಬದುಕಕ್ಕಾಯ್ತಿತ್ತಾ?"

ಅವಳ ಎದೆ ಒಡೆದುಹೋಯಿತು. ಇವನನ್ನೇ ಶಪಿಸಿದ್ದೆನಲ್ಲ! ಅವನ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಕೈಯೆಲ್ಲ ಪೆಟ್ರೋಲು ಎಂದು ಅವನು ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. ನನ್ನನ್ನೂ ನಿನ್ನ ಜೊತೆ ಕರೆದುಕೊಂಡು ಹೋಗು ಎಂದಳು.

ಯತೀಶ್ ಚೀಲವನ್ನು ಕೆಳಗಿಟ್ಟು ಹೇಳಿದ: "ಅಪ್ಪನ್ ಕೊಂದೋನ್ನೇ ಕಟ್ಕಂಡ್ಲು ಅಂತ ಊರೆಲ್ಲ ಆಡ್ಕತದೆ. ಅಂಗಲ್ಲ ಅಂತ ಸಾಯೋಗಂಟ ಒಬ್ರಿಗೂ ಯೋಳಂಗಿಲ್ಲ. ಇರ್ತೀಯಾ?"

"ನಿಜ ನಂಗೊತ್ತು, ನಿಂಗೊತ್ತು," ಎಂದಳು ಚಂದನ. "ಬಾಳ್ವೆ ಮಾಡೋರೂ ನಾವಿಬ್ರೇ ತಾನೇ."